ಮನೆ ಕಸದ ಬಗ್ಗೆ ಏನಿದ್ದರೂ ಕೇಳಿ: ತಾರಸಿ ತೋಟ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಕಸ ನಿರ್ವಹಣೆಯ ಎಂಜಿನಿಯರ್ ಮೇಡಂ ನಮ್ಮ ಜೊತೆ ಇದ್ದಾರೆ. ಊರಿನ ಹೆಸರು ಹಾಕಿ ಪ್ರಶ್ನೆ ಕೇಳಿ. ಫಾರ್ವರ್ಡ್ ಬೇಡ.

ಬನಶಂಕರಿ: ಮೇಡಂ, ಬಾಲ್ಕನಿಯಲ್ಲಿಟ್ಟ ಗೊಬ್ಬರದ ಮಡಕೆ ನಾರುತ್ತಿದೆ. ಬಿಳಿ ಹುಳಗಳೂ ಆಗಿವೆ. ಪಕ್ಕದ ಮನೆಯವರು ಜಗಳಕ್ಕೆ ಬಂದರು.

ಮೇಡಂ: ಯಾವ ವಾಸನೆ ಅಂತ ಮೊದಲು ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿಯಾಗಿ ಒಳಗೆ ಗಾಳಿ ಆಡುತ್ತಿಲ್ಲ. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಹಸಿ ಕಸ ಜಾಸ್ತಿ, ಒಣದ್ದು ಕಡಿಮೆ. ಎರಡಕ್ಕೂ ಒಣ ಎಲೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮರದ ಹೊಟ್ಟು ಬೆರೆಸಿ. ತಳದವರೆಗೂ ಕೆದಕಿ. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಉಳಿದ ಸಾರು, ಮಜ್ಜಿಗೆ ಅದರೊಳಗೆ ಬೇಡ. ಹುಳಗಳು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಸ ತಿನ್ನುತ್ತವೆ, ಕಚ್ಚುವುದಿಲ್ಲ. ಬಿಡಿ.

ದಾವಣಗೆರೆ: ನಮ್ಮ ಡಬ್ಬದಲ್ಲೂ ಹುಳ ಇದೆ ಮೇಡಂ, ಏನು ಮಾಡಲಿ?

ಮೇಡಂ: ಮೇಲಿನ ಉತ್ತರ ಓದಿ.

ಮೈಸೂರು: ನಾಯಿಯ ಮಲ ಇದೇ ಗೊಬ್ಬರಕ್ಕೆ ಹಾಕಬಹುದಾ?

ಹಾಸನ: ಹುಳಕ್ಕೆ ಸುಲಭ ಉಪಾಯ ಬಂದಿದೆ, ನೋಡಿ. ಎರಡು ಹಿಡಿ ಕಲ್ಲುಪ್ಪು ಸುರಿಯಬೇಕಂತೆ. ಇನ್ನೊಂದು, ಬಾತ್‌ರೂಮ್ ಟೈಲ್ಸ್ ಫಳಫಳ ಹೊಳೆಯೋಕೆ ನಿಂಬೆ ಸಿಪ್ಪೆ, ಬೆಲ್ಲ ನೀರಲ್ಲಿ ಹುದುಗಿಸಿದ ಬಯೋ ಎಂಜೈಮ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಬೇಕಂತೆ. ಹತ್ತು ಜನಕ್ಕೆ ಕಳಿಸಿ.

ಮೇಡಂ: ಯಾರಿಗೂ ಕಳಿಸಬೇಡಿ. ಬಯೋ ಎಂಜೈಮ್ ಹುಳಿ, ಅಂದರೆ ಆಮ್ಲ. ಬ್ಲೀಚಿಂಗ್ ಪೌಡರ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಸಿಡ್, ಯಾವುದನ್ನೂ ಬ್ಲೀಚ್ ಜೊತೆ ಸೇರಿಸಬಾರದು. ಇನ್ನು ಉಪ್ಪು ಹಾಕಿದ ಗೊಬ್ಬರ ಗಿಡದ ಬೇರನ್ನೇ ಕೊಲ್ಲುತ್ತದೆ. ದಯವಿಟ್ಟು ಅದನ್ನು ಗುಂಪಿನಿಂದ ಅಳಿಸಿ.

ಹಾಸನ: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ತೀರ್ಥಹಳ್ಳಿ ಕಡೆ: ಮೇಡಂ, ನಮ್ಮತ್ತೆ ಬಚ್ಚಲ ಒಲೆಗೆ ಹಾಲಿನ ಕವರ್, ಬಿಸ್ಕತ್ ಪ್ಯಾಕೆಟ್, ಹಳೇ ಚಪ್ಪಲಿ, ಕರೆಂಟ್ ವೈರ್ ಎಲ್ಲಾ ಹಾಕುತ್ತಾರೆ. ಕಸವೂ ಹೋಯಿತು, ನೀರೂ ಕಾಯಿತು ಅನ್ನುತ್ತಾರೆ. ಬೂದಿ ಪಾತ್ರೆ ತಿಕ್ಕಲು, ಬಸಳೆ ಬುಡಕ್ಕೆ ಹೋಗುತ್ತದೆ. ಈಗೀಗ ಅವರಿಗೆ ಬೆಳಗ್ಗೆ ಹೊತ್ತು ಕೆಮ್ಮು. ಇದರಿಂದ ತೊಂದರೆ ಇದೆಯಾ?

ಮೇಡಂ: ಇದೆ. ಇದನ್ನು ಇವತ್ತೇ ನಿಲ್ಲಿಸಬೇಕು. ಬಚ್ಚಲ ಒಲೆಯಲ್ಲಿ ಗಾಳಿಯೂ ಸಾಲದು, ಪ್ಲಾಸ್ಟಿಕ್ ಪೂರ್ತಿ ಉರಿಯುವಷ್ಟು ಕಾವೂ ಇರುವುದಿಲ್ಲ. ಹಾಲಿನ ಕವರ್ ಅರೆಬರೆ ಉರಿದು ಮಸಿ, ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ವೈರಿನ ಹೊದಿಕೆ, ಎಷ್ಟೋ ಚಪ್ಪಲಿ, ಪೈಪಿನ ಚೂರು ಪಿವಿಸಿ ಎಂಬ ಪ್ಲಾಸ್ಟಿಕ್. ಅದರಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬಂದು ಗಂಟಲು, ಎದೆ ಉರಿಸುತ್ತದೆ. ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ, ವೈರಿನೊಳಗಿನ ತಾಮ್ರ ಅದನ್ನು ಇನ್ನೂ ಹೆಚ್ಚಿಸುತ್ತದೆ. ಹಳೇ ವೈರಿನ ಹೊದಿಕೆಯಲ್ಲಿ ಸೀಸವೂ ಇರಬಹುದು.

ನನಗೆ ಹೊಗೆಯಷ್ಟೇ ಬೂದಿಯ ಚಿಂತೆಯೂ ಇದೆ. ಹೊಗೆ ಆಚೆ ಹೋಯಿತು ಅಂದುಕೊಳ್ಳುತ್ತೀರಿ, ಬೂದಿ ಮನೆಯಲ್ಲೇ ಉಳಿಯುತ್ತದೆ. ಅದು ತಟ್ಟೆಗೆ, ಸೊಪ್ಪಿಗೆ, ಮಣ್ಣಿಗೆ ಹೋಗುತ್ತದೆ. ಮನೆಯಲ್ಲಿ ಕೋಳಿ ಇದ್ದರೆ ಅದೇ ಮಣ್ಣು ಕೆದಕುತ್ತವೆ, ಡಯಾಕ್ಸಿನ್ ಮೊಟ್ಟೆಗೂ ಸೇರುತ್ತದೆ. ಈಗಿರುವ ಬೂದಿಗೆ ನೀರು ಚಿಮುಕಿಸಿ, ಧೂಳು ಏಳದ ಹಾಗೆ ಚೀಲಕ್ಕೆ ತುಂಬಿ ಬೇರೆ ಇಡಿ. ತೋಟಕ್ಕೆ, ಪಾತ್ರೆಗೆ ಬೇಡ. ಬರೀ ಸೌದೆಯ ಬೂದಿಯಾದರೆ ಮಾತ್ರ ಬಳಸಿ.

ನಿಮ್ಮ ಅತ್ತೆಯವರನ್ನು ದೂರಬೇಡಿ. ಮಳೆಗಾಲದಲ್ಲಿ ಸೌದೆ ಒದ್ದೆ, ಕವರ್ ಹಾಕಿದರೆ ಬೇಗ ಹತ್ತುತ್ತದೆ. ಆ ಕಷ್ಟಕ್ಕೆ ದಾರಿ ಕೊಡದೆ ಕವರ್ ಹಾಕಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಒಣಗಿದ ಅಡಿಕೆ ಹಾಳೆ, ತೆಂಗಿನ ಗರಟೆ, ಸಿಪ್ಪೆ ಮಳೆಗೆ ಮೊದಲೇ ಅಟ್ಟಕ್ಕೆ ಏರಿಸಿಡಿ. ಕವರ್‌ಗಳನ್ನು ತೊಳೆದು, ಹಗ್ಗದ ಮೇಲೆ ಒಣಗಿಸಿ, ಒಂದು ಗೋಣಿಚೀಲಕ್ಕೆ ತುಂಬಿ. ಪಂಚಾಯಿತಿಯ ಕಸದ ಗಾಡಿ, ಸ್ವಚ್ಛ ವಾಹಿನಿ, ಬಂದರೆ ಅದಕ್ಕೆ ಕೊಡಿ. ಬಾರದಿದ್ದರೆ ಪಂಚಾಯಿತಿಯಲ್ಲಿ ಕೇಳಿ. ವೈರ್ ಗುಜರಿಗೆ ಕೊಡಿ. ಕೆಮ್ಮಿಗೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೊಗೆಯ ವಿಷಯ ತಪ್ಪದೆ ಹೇಳಿ, ಅವರಾಗಿ ಕೇಳದಿದ್ದರೂ.

ರಾಜಾಜಿನಗರ: ಇದೆಲ್ಲ ಹಳ್ಳಿಯ ಮಾತಾಯಿತು. ಬೆಂಗಳೂರಿನಲ್ಲಿ ನಾವು ಹಸಿ, ಒಣ ಅಂತ ಬೇರೆ ಮಾಡಿ ಕೊಡುತ್ತೇವೆ, ಗಾಡಿಯವರು ಒಟ್ಟಿಗೆ ಸುರಿಯುತ್ತಾರೆ. ಮತ್ತೆ ನಾವ್ಯಾಕೆ ಸುಮ್ನೆ ಒದ್ದಾಡಬೇಕು?

ಯಲಹಂಕ: ನಮ್ಮಮ್ಮ ಆ ಗಾಡಿಯಲ್ಲಿ ಕೆಲಸ ಮಾಡಿದವರು. ಕವರೊಳಗಿದ್ದ ಬ್ಲೇಡು ಅವರ ಅಂಗೈ ಸೀಳಿತ್ತು. ಪೇಪರಿನಲ್ಲಿ ಸುತ್ತಿ ಬೇರೆ ಕೊಡೋಕೆ ನಿಮಗೆ ಎಷ್ಟು ಹೊತ್ತು ಬೇಕು?

ರಾಜಾಜಿನಗರ: ನಾನು ಬ್ಲೇಡಿನ ಮಾತೇ ಆಡಿಲ್ಲ. ತೆರಿಗೆ ಕಟ್ಟುತ್ತೇನೆ, ವ್ಯವಸ್ಥೆ ಸರಿ ಇರಬೇಕು ಅಂದೆ.

ಯಲಹಂಕ: ತೆರಿಗೆ ಕಟ್ಟಿದ ಮಾತ್ರಕ್ಕೆ ಡೈಪರನ್ನು ಇನ್ನೊಬ್ಬರು ಕೈಯಲ್ಲಿ ಆರಿಸಬೇಕಾ?

ಬನಶಂಕರಿ: ಇಬ್ಬರೂ ನಿಲ್ಲಿಸಿ. ಮೇಡಂ ಟೈಮ್ ಹಾಳಾಗುತ್ತಿದೆ.

ರಾಜಾಜಿನಗರ: ನಿಮ್ಮ ಮಡಕೆ ನೋಡಿಕೊಳ್ಳಿ.

ಮೇಡಂ: ರಾಜಾಜಿನಗರದವರೇ, ಗಾಡಿಯಲ್ಲಿ ಒಟ್ಟಿಗೆ ಸುರಿದರೆ ಫೋಟೋ ಸಮೇತ ದೂರು ಕೊಡಿ. ನಾನೂ ಕೊಡುತ್ತೇನೆ. ಆದರೆ ಅದೇ ನೆಪ ಆಗಬಾರದು. ಬೆರೆಸಿದ ಕಸ ವರ್ಷಗಟ್ಟಲೆ ಬೆಂಗಳೂರಿನ ಹೊರಗಿನ ಮಂಡೂರು ಎಂಬ ಊರಿಗೆ ಹೋಯಿತು. ಊರಿನವರು ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ನಿಂತಿತು. ಹಸಿ ಕಸ ಮನೆಯಲ್ಲೇ ಗೊಬ್ಬರವಾದರೆ ಗಾಡಿಯಲ್ಲಿ ಬೆರೆಸಲು ಅದು ಇರುವುದೇ ಇಲ್ಲ. ಯಲಹಂಕದವರು ಹೇಳಿದ್ದು ಸರಿ. ಪ್ಯಾಡ್, ಡೈಪರ್, ಬ್ಲೇಡು ಪೇಪರಿನಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಬೇರೆ ಕೊಡಬೇಕು.

ಹುಬ್ಬಳ್ಳಿ: ಹಾಲಿನ ಕವರ್ ಕತ್ತರಿಸುವಾಗ ಏನಾದರೂ ಕ್ರಮ ಇದೆಯೇನ್ರೀ ಮೇಡಂ?

ಮೇಡಂ: ಮೂಲೆಯ ಚೂರು ಪೂರ್ತಿ ಬೇರೆ ಆಗದ ಹಾಗೆ ಕತ್ತರಿಸಿ. ಆ ಸಣ್ಣ ಚೂರನ್ನು ಯಾರೂ ಆರಿಸುವುದಿಲ್ಲ, ಚರಂಡಿಗೆ ಹೋಗುತ್ತದೆ.

ಮಂಗಳೂರು: ಮಣ್ಣಲ್ಲಿ ಕರಗುವ ಕವರ್ ಅಂತ ಅಂಗಡಿಯಲ್ಲಿ ಕೊಡುತ್ತಾರೆ. ಮಡಕೆಗೆ ಹಾಕಲಾ?

ಮೇಡಂ: ಬೇಡ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಗೊಬ್ಬರ ಘಟಕದ ಬಿಸಿಗೆ ಕರಗುವಂಥವು. ನಿಮ್ಮ ಮಡಕೆ ಅಷ್ಟು ಕಾಯುವುದಿಲ್ಲ. ಬಟ್ಟೆ ಚೀಲ ಇಟ್ಟುಕೊಂಡು ಹೋಗಿ.

ತುಮಕೂರು: ಗೊಬ್ಬರದಲ್ಲಿ ಹುಳ ಬಂದಿದೆ, ಏನು ಹಾಕಬೇಕು?

ಮೇಡಂ: ಏನೂ ಹಾಕಬೇಡಿ. ಮೇಲೆ ಓದಿ.

ಹಾಸನ: ಕರ್ಪೂರ ಹಾಕಿದರೆ ಹುಳ ಹೋಗುತ್ತದಂತೆ, ಈಗಷ್ಟೇ ಬಂತು.

ಮೇಡಂ: ಅಡ್ಮಿನ್, ಇವರ ಮೆಸೇಜ್ ತಡೆಯಿರಿ.

ಹಾಸನ: ಇದು ಯಾವ ಮರ್ಯಾದೆ? ನಾನು ಗುಂಪು ಬಿಡುತ್ತೇನೆ.

ಮೈಸೂರು: ನಾಯಿ ವಿಷಯ ಯಾರೂ ಹೇಳಲಿಲ್ಲ.

ತೀರ್ಥಹಳ್ಳಿ ಕಡೆ: ಮೇಡಂ, ಅತ್ತೆಗೆ ಓದಿ ಹೇಳಿದೆ. ಪಾತ್ರೆಗೆ ಇನ್ನು ಬೂದಿ ಬೇಡ, ಸೀಗೆಪುಡಿ ಆಗುತ್ತದಾ ಅಂತ ಕೇಳುತ್ತಿದ್ದಾರೆ.

ಮೇಡಂ: ಧಾರಾಳವಾಗಿ ಆಗುತ್ತದೆ. ಬಸಳೆಯ ಬುಡದಲ್ಲಿ ಹಾಕಿರುವ ಬೂದಿಯನ್ನು ಮೇಲ್ಮಣ್ಣಿನ ಸಮೇತ ತೆಗೆದುಬಿಡಿ. ಈಗಿರುವ ಸೊಪ್ಪು ಅಡುಗೆಗೆ ಬೇಡ. ವೈದ್ಯರು ಏನಂದರು ಅಂತ ನನಗೆ ಬರೆಯಿರಿ.