ಸಹಾಯ ಬೇಕು: ಗ್ಲಿಯಾ ಕೋಶದ ಬಗ್ಗೆ ಮಕ್ಕಳಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗ್ಲಿಯಾ ಅಂದ್ರೆ ಮಿದುಳಿನಲ್ಲಿ ನರಕೋಶಗಳ ಜೊತೆಗಿರುವ ಬೇರೆ ಬಗೆಯ ಕೋಶಗಳು. ಇಷ್ಟು ವರ್ಷ ಅವು ನರಕೋಶಗಳನ್ನು ಹಿಡಿದಿಡುವ ಅಂಟು ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಅದು ತಪ್ಪು. ಎರಡು ನರಕೋಶ ಸಂಧಿಸುವ ಜಾಗವಾದ ಸಿನಾಪ್ಸ್‌ನಲ್ಲಿ ಉಳಿದ ಗ್ಲುಟಮೇಟನ್ನು (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಆಸ್ಟ್ರೋಸೈಟ್ ಎಂಬ ಬಗೆಯ ಗ್ಲಿಯಾ ಹೀರಿಕೊಳ್ಳುತ್ತದೆ, ಮೈಕ್ರೋಗ್ಲಿಯಾ ಎಂಬ ಇನ್ನೊಂದು ಬಗೆ ಬೇಡದ ಸಿನಾಪ್ಸ್‌ಗಳನ್ನು ನಮ್ಮ ತೋಟದಲ್ಲಿ ಕಾಫಿ ಗಿಡದ ಚಿಗುರು ತೆಗೆದ ಹಾಗೆ ತೆಗೆದುಹಾಕುತ್ತದೆ, ಮಿದುಳು ಹೊಸದನ್ನು ಕಲಿಯುವುದರಲ್ಲಿ ಇವುಗಳ ಪಾಲು ಜಾಸ್ತಿಯೇ ಇದೆ. 1999ರಲ್ಲಿ ವಿಜ್ಞಾನಿಗಳು ಎರಡು ನರಕೋಶದ ಜೊತೆ ಆಸ್ಟ್ರೋಸೈಟನ್ನೂ ಸೇರಿಸಿ ಮೂರು ಪಾಲಿನ ಸಿನಾಪ್ಸ್ ಎಂದೇ ಹೆಸರಿಟ್ಟರು.

ಮೊನ್ನೆ ಒಬ್ಬ ಹುಡುಗಿ, 'ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗ ಎಚ್ಚರ ಎಲ್ಲಿ ಹೋಗುತ್ತೆ ಮೇಡಂ?' ಅಂತ ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ? ಇಲಿಗಳಿಗೆ ಅರಿವಳಿಕೆ ಕೊಟ್ಟರೆ ಆಸ್ಟ್ರೋಸೈಟ್‌ಗಳ ಕ್ಯಾಲ್ಸಿಯಂ ಸಂಕೇತವೂ (ಕೋಶದೊಳಗೆ ಕ್ಯಾಲ್ಸಿಯಂ ಏರಿಳಿಯುವುದು) ತಗ್ಗುತ್ತದೆ. ಎಚ್ಚರ ತಪ್ಪಲು ಅದೂ ಕಾರಣವೋ, ಬರೀ ಪರಿಣಾಮವೋ? ನರವಿಜ್ಞಾನ ಓದಿದವರು ದಯವಿಟ್ಟು ಶನಿವಾರದ ಒಳಗೆ, ಒಂಬತ್ತನೇ ತರಗತಿಯವರಿಗೆ ತಿಳಿಯುವಂತೆ ಬರೆಯಿರಿ.