ಪರ್ಡಿ ದುಡ್ಡಿನ ಬಗ್ಗೆ ಭಾವನಿಗೆ ಒಂದು ಉದ್ದದ ಉತ್ತರ

ಭಾವ, 2025ರ ಸೀಸನ್ ಇದೇ ವಾರ ಶುರು, ಅಷ್ಟರಲ್ಲಿ ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನು ಈಗ ತಾನೇ ನೋಡಿದೆ. "ಬ್ರಾಕ್ ಪರ್ಡಿಗೆ ವರ್ಷಕ್ಕೆ 53 ಮಿಲಿಯನ್ ಡಾಲರ್ ಅಂತೆ, ಶನಹನ್ ಕೋಚ್ ಆಗಿದ್ದರೆ ಯಾರನ್ನು ತಂದು ನಿಲ್ಲಿಸಿದರೂ ಆಡುತ್ತಾರೆ, ಫಾರ್ಟಿನೈನರ್ಸ್ ಕಥೆ ಮುಗೀತು" ಅಂತ. ಅದರ ಕೆಳಗೆ ಸಾಲಾಗಿ ನಗೋ ಮುಖ ಬೇರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಫಾರ್ಟಿನೈನರ್ಸ್ ಅಂದರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕನ್ ಫುಟ್‌ಬಾಲ್ ತಂಡ, ಶನಹನ್ ಅದರ ಕೋಚ್, ಪರ್ಡಿ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ವಾಯ್ಸ್‌ನಲ್ಲೇ ಹೇಳುತ್ತಿದ್ದೇನೆ. ಅಕ್ಕ, ನಿನಗೆ ಬೇಜಾರಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳು.

ಮೊದಲು ಮೈಸೂರಿನ ಚಿಕ್ಕಪ್ಪನಿಗೆ ಉತ್ತರ. ಅವರು ಪಾಪ "ಆ ಹುಡುಗ ಅಂಥದ್ದೇನು ಕೆಲಸ ಮಾಡುತ್ತಾನಮ್ಮ, ಅಷ್ಟು ದುಡ್ಡು ಯಾಕೆ" ಅಂತ ಕೇಳಿದ್ದಾರೆ, ಯಾರೂ ಕಿವಿಗೇ ಹಾಕಿಕೊಂಡಿಲ್ಲ. ಚಿಕ್ಕಪ್ಪ, ಈ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡು ಇರುವ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾವ ಆಟ ಆಡಬೇಕು ಅಂತ ಕೋಚ್ ಅವನ ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಹೇಳುತ್ತಾರೆ. ಆದರೆ ಚೆಂಡು ಎತ್ತುವುದಕ್ಕೆ 15 ಸೆಕೆಂಡು ಉಳಿದಾಗ ಆ ಲೈನ್ ಕಟ್. ಅಲ್ಲಿಂದ ಮುಂದೆ ಅವನ ಕಣ್ಣು, ಅವನ ತಲೆ. ಎದುರಿನವರು ಎಲ್ಲಿ ನಿಂತಿದ್ದಾರೆ, ಯಾರು ನುಗ್ಗುತ್ತಾರೆ, ಯಾರು ಸುಮ್ನೆ ನುಗ್ಗುವ ಹಾಗೆ ನಟಿಸುತ್ತಿದ್ದಾರೆ, ಎಲ್ಲ ಓದಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡೂವರೆ ಮೂರು ಸೆಕೆಂಡು. ಅಷ್ಟರಲ್ಲಿ ನೂರಿಪ್ಪತ್ತು ಮೂವತ್ತು ಕಿಲೋ ತೂಕದ ಆಳುಗಳು ಅವನ ಮೇಲೆ ಬೀಳಲು ಬರುತ್ತಿರುತ್ತಾರೆ. ಈ ಕೆಲಸ ಚೆನ್ನಾಗಿ ಮಾಡುವವರು ಇಡೀ ದೇಶದಲ್ಲಿ ಒಂದು ಹದಿನೈದು ಜನ ಇರಬಹುದು, ತಂಡಗಳು 32. ದುಡ್ಡು ಯಾಕೆ ಅನ್ನುವುದಕ್ಕೆ ಇಷ್ಟೇ ಉತ್ತರ.

ಈಗ ಭಾವ, ನಿಮ್ಮ "ಯಾರನ್ನು ನಿಲ್ಲಿಸಿದರೂ ಆಡುತ್ತಾರೆ" ಅನ್ನುವ ಮಾತಿಗೆ ಬರುತ್ತೇನೆ. ಯಾರನ್ನು ನಿಲ್ಲಿಸಿದರೂ ಆಡುತ್ತಾರೆ ಅಂತಾದರೆ ನಮ್ಮದೇ ಹಳೆಯ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಯಾಕೆ ಆಡಲಿಲ್ಲ? ಡ್ರಾಫ್ಟ್ ಅಂದರೆ ಕಾಲೇಜಿನ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು, ಒಂದೊಂದು ಸರದಿಗೆ ಪಿಕ್ ಅಂತಾರೆ. 2021ರಲ್ಲಿ ಅವನಿಗಾಗಿ ನಮ್ಮವರು ಮೂರು ಫಸ್ಟ್ ರೌಂಡ್ ಪಿಕ್ ಕೊಟ್ಟು ಡ್ರಾಫ್ಟ್‌ನಲ್ಲಿ ಮೂರನೇ ಜಾಗಕ್ಕೆ ಹತ್ತಿದರು. ಅದೇ ಕೋಚ್, ಅದೇ ಪ್ಲೇಬುಕ್, ಅಂದರೆ ಆಟದ ಯೋಜನೆಗಳ ಪುಸ್ತಕ. ನಮ್ಮ ಪರ ಅವನು ಶುರುವಿನಿಂದ ಆಡಿದ್ದು ಬರೀ ನಾಲ್ಕು ಪಂದ್ಯ. ಕಾಲು ಮುರಿಯಿತು, ಅದು ನಿಜ, ಪಾಪ. ಆದರೆ ಕಾಲೇಜಿನಲ್ಲೂ ಅವನು ಪೂರ್ತಿ ಆಡಿದ್ದು ಒಂದೇ ಸೀಸನ್, ಮುಂದಿನ ವರ್ಷ ಕೋವಿಡ್ ಬಂದು ಒಂದೇ ಪಂದ್ಯ. ಅಷ್ಟು ಕಡಿಮೆ ಆಡಿದ ಹುಡುಗನಿಗೆ ಶನಹನ್ ಪ್ಲೇಬುಕ್ ಕೊಡುವುದು ತಪ್ಪೇ. ಕೊನೆಗೆ 2023ರ ಆಗಸ್ಟ್‌ನಲ್ಲಿ ಅವನನ್ನು ಒಂದು ಫೋರ್ತ್ ರೌಂಡ್ ಪಿಕ್‌ಗೆ ಮಾರಿದರು. ಕೊಂಡುಕೊಂಡವರು ಯಾರು ಭಾವ? ನಿಮ್ಮ ಡಲ್ಲಸ್ ಕೌಬಾಯ್ಸ್. ಮರೆತುಬಿಟ್ಟಿರಾ?

ಪರ್ಡಿ ಕಥೆ ಇದಕ್ಕೆ ಪೂರಾ ಉಲ್ಟಾ. 2022ರ ಡ್ರಾಫ್ಟ್‌ನಲ್ಲಿ 262ನೇ ಹುಡುಗ, ಅಂದರೆ ಕೊಟ್ಟಕೊನೆಯವನು. ಎತ್ತರ ಸಾಲದು, ತೋಳಿನಲ್ಲಿ ಶಕ್ತಿ ಸಾಲದು ಅಂತ ಎಲ್ಲರೂ ಬಿಟ್ಟರು. ಆದರೆ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಬಿಡದೆ ಆಡಿ ಬಂದಿದ್ದ. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಆ ಡಿಸೆಂಬರ್‌ನಲ್ಲಿ ಆಗಿನ ಕ್ವಾರ್ಟರ್‌ಬ್ಯಾಕ್ ಗರಾಪೊಲೊ ಕಾಲು ಮುರಿದುಕೊಂಡಾಗ ಇವನು ಒಳಗೆ ಬಂದ. ಶುರುವಿನಿಂದ ಆಡಿದ ಮೊದಲ ಪಂದ್ಯದಲ್ಲೇ ಎದುರಿಗೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಇದ್ದ ಟ್ಯಾಂಪಾ ಬೇ ತಂಡ, 35-7 ಗೆದ್ದೆವು. ಮರುವರ್ಷ 4,280 ಗಜ ಎಸೆದ, ಫಾರ್ಟಿನೈನರ್ಸ್ ಇತಿಹಾಸದಲ್ಲೇ ಒಂದು ಸೀಸನ್‌ಗೆ ಅದು ದಾಖಲೆ. ಮೊಂಟಾನಾ, ಸ್ಟೀವ್ ಯಂಗ್ ಅಂಥ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಆಡಿದ ತಂಡ ಇದು, ನೆನಪಿರಲಿ. ಮೊಂಟಾನಾ ಬಗ್ಗೆಯೂ ಆಗ ಜನ ಹೀಗೇ, ಎಲ್ಲ ಕೋಚ್ ಬಿಲ್ ವಾಲ್ಷ್ ತಲೆ ಅಂತ ಆಡಿಕೊಂಡಿದ್ದರು.

ಎಲ್ಲ ಶನಹನ್ ಹೆಣೆದ ಸಿಸ್ಟಮ್ ಅಂತೀರಲ್ಲ, ಸಿಸ್ಟಮ್ ಕೆಲಸ ಮಾಡುವುದು ಎಲ್ಲ ಸರಿಯಾಗಿ ನಡೆದಾಗ. ಅದು ಮುರಿದುಬಿದ್ದಾಗ ಏನು ಮಾಡುತ್ತಾನೆ ಅಂತ ನೋಡಬೇಕು. 2024ರ ಜನವರಿಯಲ್ಲಿ ಗ್ರೀನ್ ಬೇ ವಿರುದ್ಧ ಮಳೆ, ಕೈಯಲ್ಲಿ ಚೆಂಡೇ ನಿಲ್ಲುತ್ತಿಲ್ಲ, ಮೂರು ಗಂಟೆ ಕೆಟ್ಟದಾಗಿ ಆಡಿ ಕೊನೆಯ ಸಲ ಚೆಂಡು ಸಿಕ್ಕಾಗ ತಂಡವನ್ನು ದಡ ಸೇರಿಸಿದ, 24-21. ಮುಂದಿನ ವಾರ ಡೆಟ್ರಾಯಿಟ್ ವಿರುದ್ಧ ಅರ್ಧ ಪಂದ್ಯಕ್ಕೆ 24-7 ಹಿಂದೆ. ಆಮೇಲೆ ಎಸೆಯಲು ಜಾಗ ಸಿಗದಾಗ ಚೆಂಡು ಹಿಡಿದುಕೊಂಡು ತಾನೇ ಓಡಿದ. 34-31 ಗೆದ್ದೆವು. ಆ ಓಟ ಯಾವ ಪ್ಲೇಬುಕ್‌ನಲ್ಲೂ ಬರೆದಿರಲ್ಲ ಭಾವ.

ಕಳೆದ ವರ್ಷ, 2024ರಲ್ಲಿ, ಚೆನ್ನಾಗಿ ಆಡಲಿಲ್ಲ, ಒಪ್ಪುತ್ತೇನೆ. 20 ಟಚ್‌ಡೌನ್, ಅಂದರೆ ಚೆಂಡು ಕೊನೆಯ ಗೆರೆ ದಾಟಿಸಿದ್ದು, 12 ಇಂಟರ್‌ಸೆಪ್ಷನ್, ಅಂದರೆ ಅವನು ಎಸೆದ ಚೆಂಡು ಎದುರಿನವರು ಹಿಡಿದದ್ದು. ತಂಡ ಆರು ಗೆದ್ದು ಹನ್ನೊಂದು ಸೋತಿತು. ಚೆಂಡು ಹಿಡಿದು ಓಡುವ ಮಕ್ಯಾಫ್ರಿ ಆಡಿದ್ದು ನಾಲ್ಕೇ ಪಂದ್ಯ, ಪಾಸ್ ಹಿಡಿಯುವ ಅಯೂಕ್ ಮೊಣಕಾಲು ಅಕ್ಟೋಬರ್‌ನಲ್ಲಿ ಹೋಯಿತು, ಪರ್ಡಿಯನ್ನು ಕಾಯುವ ಟ್ರೆಂಟ್ ವಿಲಿಯಮ್ಸ್ ಅರ್ಧ ಸೀಸನ್ ಚೂರು ಜಾಸ್ತಿ ಆಡಿದ, ಅಷ್ಟೇ. ಆದರೂ ಕೆಲವು ಪಂದ್ಯದಲ್ಲಿ ಅವನು ಇಲ್ಲದ ಹೀರೋಗಿರಿ ಮಾಡಲು ಹೋಗಿ ಚೆಂಡು ಕಳೆದುಕೊಂಡ, ಅದಕ್ಕೆ ಗಾಯದ ನೆಪ ಹೇಳಲು ನಾನು ತಯಾರಿಲ್ಲ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಷಯ. ದುಡ್ಡು ದಂಡ ಆಯಿತು ಅಂತೀರಿ. ದಂಡ ಆಗಿದ್ದು ಮುಂಚೆ, ಅವನು ಪುಕ್ಕಟೆ ಸಿಕ್ಕಿದ್ದ ವರ್ಷಗಳಲ್ಲಿ. 2024ರ ಸೀಸನ್‌ವರೆಗೂ ಅವನಿಗೆ ವರ್ಷಕ್ಕೆ ಒಂದು ಮಿಲಿಯನ್ ಕೂಡ ಇರಲಿಲ್ಲ. ಲೀಗಿನಲ್ಲಿ ಪ್ರತಿ ತಂಡಕ್ಕೂ ಖರ್ಚಿನ ಮಿತಿ ಇದೆ, 2025ಕ್ಕೆ 279 ಮಿಲಿಯನ್. ಬೇರೆ ತಂಡಗಳು ಅದರಲ್ಲಿ ದೊಡ್ಡ ಪಾಲು ಕ್ವಾರ್ಟರ್‌ಬ್ಯಾಕ್‌ಗೆ ಸುರಿಯುವಾಗ ನಮಗೆ ಅದು ಚಿಲ್ಲರೆ ಖರ್ಚು. ಉಳಿದ ದುಡ್ಡಲ್ಲಿ ಬೋಸಾ, ಮಕ್ಯಾಫ್ರಿ, ಡೀಬೋ, ಕಿಟಲ್, ಟ್ರೆಂಟ್ ವಿಲಿಯಮ್ಸ್, ಫ್ರೆಡ್ ವಾರ್ನರ್, ಈ ಸ್ಟಾರ್‌ಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡಿದ್ದರು. ಅಂಥ ಕಾಲ ಮತ್ತೆ ಬರಲ್ಲ. ಆ ಕಾಲದಲ್ಲಿ ಒಂದು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆಲ್ಲಲಿಲ್ಲ ಅಂದರೆ ಅದು ಕೋಚ್ ತಲೆ ಮೇಲೆ ಬರಬೇಕು, ಹುಡುಗನ ತಲೆ ಮೇಲಲ್ಲ.

ಲಾಸ್ ವೇಗಸ್ ಸೂಪರ್ ಬೌಲ್ ನೆನಪು ಮಾಡಿಕೊಳ್ಳಿ, 2024ರ ಫೆಬ್ರವರಿ. ಕ್ಯಾನ್ಸಸ್ ಸಿಟಿ ಜೊತೆ 19-19, ಓವರ್‌ಟೈಮ್. ಟಾಸ್ ಗೆದ್ದೆವು. ಹೊಸ ನಿಯಮದಲ್ಲಿ ಎರಡೂ ತಂಡಕ್ಕೂ ಒಂದೊಂದು ಅವಕಾಶ ಖಂಡಿತ. ಅಂದಮೇಲೆ ಎರಡನೆಯದಾಗಿ ಆಡುವವರಿಗೇ ಲಾಭ, ಎಷ್ಟು ಬೇಕು ಅಂತ ಗೊತ್ತಿರುತ್ತದೆ ಅಲ್ವಾ? ಶನಹನ್ ಮೊದಲು ಚೆಂಡು ತೆಗೆದುಕೊಂಡರು. ಇಬ್ಬರೂ ಸಮ ಆದರೆ ಮೂರನೇ ಅವಕಾಶ ನಮ್ಮದಾಗಲಿ ಅಂತ ಲೆಕ್ಕ. ಆಯ್ತು, ಲೆಕ್ಕ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಪಂದ್ಯ ಮುಗಿದ ಮೇಲೆ ನಮ್ಮ ಆಟಗಾರರೇ ಕೆಲವರು, ಈ ಹೊಸ ನಿಯಮ ನಮಗೆ ಗೊತ್ತೇ ಇರಲಿಲ್ಲ ಅಂದರು! ಕ್ಯಾನ್ಸಸ್ ಸಿಟಿಯವರು ಟ್ರೇನಿಂಗ್ ಕ್ಯಾಂಪಿನಿಂದಲೇ ಅದನ್ನು ಮಾತಾಡಿಕೊಂಡು ಬಂದಿದ್ದರಂತೆ. ವರ್ಷದ ಅತಿ ದೊಡ್ಡ ಪಂದ್ಯಕ್ಕೆ ನಿಯಮ ಹೇಳದೆ ಹುಡುಗರನ್ನು ಇಳಿಸುವುದಾ? ಆಮೇಲೆ ಟಚ್‌ಡೌನ್‌ಗೆ ಒಂಬತ್ತು ಗಜ ಉಳಿಯುವವರೆಗೆ ಹೋದೆವು. ಥರ್ಡ್ ಡೌನ್‌ನಲ್ಲಿ, ಅಂದರೆ ಮೂರನೇ ಯತ್ನದಲ್ಲಿ, ಅವರ ಕ್ರಿಸ್ ಜೋನ್ಸ್‌ನನ್ನು ಯಾರೂ ತಡೆಯಲಿಲ್ಲ. ಇಡೀ ಲೀಗಿಗೆ ಗೊತ್ತಿರುವ ದೈತ್ಯ, ನೇರ ಪರ್ಡಿ ಮುಖಕ್ಕೇ ಬಂದ. ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು, ಮೂರು ಪಾಯಿಂಟ್‌ಗೆ ತೃಪ್ತಿ ಪಡಬೇಕಾಯಿತು. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಬಂದ, ಟಚ್‌ಡೌನ್ ಹೊಡೆದ, 25-22, ಮನೆಗೆ. ನಾನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ, ಅಕ್ಕನಿಗೆ ಗೊತ್ತು.

ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. 2020ರಲ್ಲಿ ಅದೇ ಕ್ಯಾನ್ಸಸ್ ಸಿಟಿ ವಿರುದ್ಧ ಕೊನೆಯ ಕ್ವಾರ್ಟರ್‌ನಲ್ಲಿ 20-10 ಮುಂದೆ ಇದ್ದು 31-20 ಸೋತರು. ಅದಕ್ಕೂ ಮುಂಚೆ 2017ರಲ್ಲಿ ಶನಹನ್ ಅಟ್ಲಾಂಟಾದಲ್ಲಿ ಅಫೆನ್ಸ್ ಕೋಚ್, 28-3 ಮುಂದೆ ಇದ್ದು ಸೋತ ಸೂಪರ್ ಬೌಲ್. ಕೊನೆಯಲ್ಲಿ ಎಂಟು ಪಾಯಿಂಟ್ ಮುಂದೆ ಇದ್ದು, ಚೆಂಡು ಎದುರಾಳಿಯ 22 ಗಜದ ಗೆರೆಯಲ್ಲಿ. ಸುಮ್ನೆ ಓಡಿಸಿ ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಆಗ ನ್ಯೂ ಇಂಗ್ಲೆಂಡ್‌ನಲ್ಲಿದ್ದ ಬ್ರೇಡಿ ಕಥೆ ಮುಗಿಯುತ್ತಿತ್ತು. ಎಸೆಯಲು ಹೋದರು, ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿ ಸ್ಯಾಕ್ ಆಯಿತು, ಪೆನಾಲ್ಟಿ ಆಯಿತು, ಒದೆಯುವಷ್ಟು ಹತ್ತಿರವೂ ಉಳಿಯಲಿಲ್ಲ. ಮೂರು ಫೈನಲ್, ಮೂರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್. ಮೂರರಲ್ಲೂ ಇದ್ದವರು ಒಬ್ಬರೇ.

ಹಾಗಂತ ಶನಹನ್‌ನನ್ನು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅವರಷ್ಟು ಚೆನ್ನಾಗಿ ಆಟ ಹೆಣೆಯುವವರು ಇಬ್ಬರೋ ಮೂವರೋ. ಒಂದೇ ತರಹ ನಿಂತು ನಾಲ್ಕು ತರಹದ ಆಟ ಆಡಿಸುತ್ತಾರೆ, ನೋಡಲು ಚೆಂದ. ಭಾನುವಾರ ಗಡಿಯಾರ ನೋಡುವ ಕೆಲಸ ಮಾತ್ರ ಬೇರೆ ಯಾರಿಗಾದರೂ ಒಪ್ಪಿಸಬಾರದಾ ಅಂತ ನನ್ನ ಆಸೆ. ಟೈಮ್‌ಔಟ್ ಯಾವಾಗ, ಫೋರ್ತ್ ಡೌನ್‌ನಲ್ಲಿ ಒದೆಯಬೇಕಾ ಆಡಬೇಕಾ, ಇದನ್ನೆಲ್ಲ ತಣ್ಣಗೆ ಕೂತು ಹೇಳುವ ಒಬ್ಬರು ಕಿವಿಯಲ್ಲಿ ಇರಬೇಕು, ಮತ್ತು ಅವರ ಮಾತು ಇವರು ಕೇಳಬೇಕು. ಎರಡನೆಯದು ಕಷ್ಟ.

ಇನ್ನು ಸಂಬಳ ಕೊಡುವ ರೀತಿ. ಈ ವಿಷಯದಲ್ಲಿ ಡಲ್ಲಸ್‌ನವರು ನಮಗೆ ಪಾಠ ಹೇಳಬೇಡಿ ಭಾವ, ದಯವಿಟ್ಟು. ಪರ್ಡಿ ಜೊತೆ ಮೇ ತಿಂಗಳಲ್ಲೇ ಮಾತು ಮುಗಿಯಿತು, ಐದು ವರ್ಷಕ್ಕೆ 265 ಮಿಲಿಯನ್, ಹುಡುಗ ಮೊದಲ ದಿನದಿಂದ ಕ್ಯಾಂಪ್‌ನಲ್ಲಿದ್ದ. ನಿಮ್ಮ ತಂಡದ ಮಾಲೀಕ ಜೆರ್ರಿ ಜೋನ್ಸ್ ಏನು ಮಾಡಿದರು? ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಜೊತೆ ಎಳೆದೂ ಎಳೆದೂ, 2024ರ ಮೊದಲ ಪಂದ್ಯದ ಬೆಳಿಗ್ಗೆ ಸಹಿ ಹಾಕಿಸಿದರು. ವರ್ಷಕ್ಕೆ 60 ಮಿಲಿಯನ್! ನಮ್ಮವನಿಗಿಂತ ಏಳು ಜಾಸ್ತಿ. ಈ ವರ್ಷ, 2025ರಲ್ಲಿ, ಮೈಕಾ ಪಾರ್ಸನ್ಸ್ ಜೊತೆ ಅದೇ ನಾಟಕ, ಕೊನೆಗೆ ಗಣೇಶನ ಹಬ್ಬದ ಮಾರನೇ ದಿನ ಅವನನ್ನು ಗ್ರೀನ್ ಬೇಗೆ ಕಳಿಸಿಬಿಟ್ಟರು. ನಿಮ್ಮ ಮನೆ ಗಣಪನ ಮುಂದೆ ನೀವು ಏನು ಬೇಡಿಕೊಂಡಿರೋ ಗೊತ್ತಿಲ್ಲ. ಎರಡು ಫಸ್ಟ್ ರೌಂಡ್ ಪಿಕ್, ಜೊತೆಗೆ ಡಿಫೆನ್ಸ್ ಆಟಗಾರ ಕೆನ್ನಿ ಕ್ಲಾರ್ಕ್ ಬಂದ, ಸರಿ. ಆದರೆ ಲೀಗಿನ ಅತ್ಯುತ್ತಮ ಪಾಸ್ ರಷರ್‌ಗಳಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರಲ್ಲಿ, ಒಬ್ಬನನ್ನು ಸೀಸನ್‌ಗೆ ಒಂದು ವಾರ ಇರುವಾಗ ಕೊಟ್ಟು, ಹೊಸ ಕೋಚ್ ಶಾಟನ್‌ಹೈಮರ್‌ಗೆ ಹೋಗು ಆಡಿಸು ಅಂದರೆ ಅವರು ತಾನೇ ಏನು ಮಾಡಬೇಕು?

ಪರ್ಡಿ ನಿಮ್ಮವರ ವಿರುದ್ಧ ಸೋತೇ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2023ರ ಅಕ್ಟೋಬರ್‌ನಲ್ಲಿ 42-10, ನಾಲ್ಕು ಟಚ್‌ಡೌನ್ ಎಸೆದ. ಆ ದಿನ ನೀವು ಫೋನ್ ಎತ್ತಲಿಲ್ಲ.

2025ರ ಹೊಸ ಸೀಸನ್ ಬಗ್ಗೆ ನನ್ನ ಅಂದಾಜು ಹೇಳುತ್ತೇನೆ. ಪ್ಲೇಆಫ್‌ಗೆ, ಅಂದರೆ ನಾಕೌಟ್ ಹಂತಕ್ಕೆ, ಹೋಗುತ್ತೇವೆ, ಅದರ ಮೇಲೆ ಏನೂ ಮಾತು ಕೊಡಲ್ಲ. ಡೀಬೋನನ್ನು ವಾಷಿಂಗ್ಟನ್‌ಗೆ ಕೊಟ್ಟಾಯಿತು, ಗ್ರೀನ್‌ಲಾ, ಹುಫಾಂಗಾ ಡೆನ್ವರ್‌ಗೆ ಹೋದರು, ವಾರ್ಡ್ ಇಂಡಿಯಾನಪೊಲಿಸ್‌ಗೆ. ಡಿಫೆನ್ಸ್ ತುಂಬ ಹೊಸ ಹುಡುಗರು, 2025ರ ಡ್ರಾಫ್ಟ್‌ನಲ್ಲಿ ಮೊದಲ ಐದು ಪಿಕ್‌ ಕೂಡ ಡಿಫೆನ್ಸ್‌ಗೇ. ನನಗೆ ಧೈರ್ಯ ಕೊಡುವುದು ಒಂದೇ ವಿಷಯ, 2025ರ ಸೀಸನ್‌ಗೆ ಡಿಫೆನ್ಸ್ ಕೋಚ್ ಆಗಿ ರಾಬರ್ಟ್ ಸಲೇ ವಾಪಸ್ ಬಂದಿದ್ದಾರೆ. ನ್ಯೂಯಾರ್ಕ್ ಜೆಟ್ಸ್‌ನಲ್ಲಿ ಹೆಡ್ ಕೋಚ್ ಆಗಿ ಏನೂ ನಡೆಯಲಿಲ್ಲ, ನಿಜ. ಆದರೆ ಹುಡುಗರನ್ನು ಹುರಿದುಂಬಿಸಿ ಡಿಫೆನ್ಸ್ ಕಟ್ಟುವುದರಲ್ಲಿ ಅವರು ಎತ್ತಿದ ಕೈ, 2019ರಲ್ಲಿ ನೋಡಿದ್ದೇವೆ. ಮೈಕಲ್ ವಿಲಿಯಮ್ಸ್ ಅಂತ ಜಾರ್ಜಿಯಾದಿಂದ ಬಂದ ಹುಡುಗನ ಮೇಲೆ ಕಣ್ಣಿಡಿ. ಅಫೆನ್ಸ್‌ನಲ್ಲಿ ನನಗೆ ಭಯ ಇರುವುದು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್ ಬಗ್ಗೆ. ಟ್ರೆಂಟ್ ವಿಲಿಯಮ್ಸ್‌ಗೆ 37 ವಯಸ್ಸು, ಅವನ ಹಿಂದೆ ಅಂಥವರು ಯಾರೂ ಇಲ್ಲ. 53 ಮಿಲಿಯನ್ ಕೊಟ್ಟು ಇಟ್ಟುಕೊಂಡವನನ್ನು ಕಾಯಲು ಆಳಿಲ್ಲ ಅಂದರೆ ಹೇಗೆ? ಮತ್ತೆ ಕಿಕ್ಕರ್ ಜೇಕ್ ಮೂಡಿ. ಥರ್ಡ್ ರೌಂಡ್ ಪಿಕ್ ಹಾಕಿ ತಂದವನು, 2024ರಲ್ಲಿ ಫೀಲ್ಡ್ ಗೋಲ್ ಹತ್ತು ತಪ್ಪಿಸಿದ. 2025ರ ಸೀಸನ್ ಶುರುವಿಗೂ ಅವನನ್ನೇ ಇಟ್ಟುಕೊಂಡಿದ್ದಾರೆ. ನನಗೆ ಅವನ ಮೇಲೆ ಕಿಂಚಿತ್ತೂ ನಂಬಿಕೆ ಇಲ್ಲ, ಮೊದಲ ತಿಂಗಳಲ್ಲೇ ಬೇರೆಯವರನ್ನು ಹುಡುಕಿದರೂ ಆಶ್ಚರ್ಯ ಇಲ್ಲ.

ಈ ಸೀಸನ್‌ನ ಸೂಪರ್ ಬೌಲ್, 2026ರ ಫೆಬ್ರವರಿಯಲ್ಲಿ, ನಮ್ಮ ಸಾಂಟಾ ಕ್ಲಾರಾದಲ್ಲೇ, ಲೀವೈಸ್ ಸ್ಟೇಡಿಯಂನಲ್ಲಿ. ಅದಕ್ಕೆ ಇಲ್ಲಿನ ಕನ್ನಡದವರೆಲ್ಲ ಈಗಲೇ ಟಿಕೆಟ್ ಕನಸು ಕಾಣುತ್ತಿದ್ದಾರೆ, ಬೆಲೆ ನೋಡಿದರೆ ಕನಸೇ ಸಾಕು ಅನಿಸುತ್ತದೆ. ನೀವು ಮಾಮೂಲಿ ಪಂದ್ಯಕ್ಕೆ ಬನ್ನಿ, ಪೂರ್ವದ ಕಡೆ ಸೀಟು ಮಾತ್ರ ಬೇಡ, ಸೆಪ್ಟೆಂಬರ್ ಬಿಸಿಲಿಗೆ ಹಪ್ಪಳ ಆಗಿಬಿಡುತ್ತೀರಿ.

ಗುರುವಾರ ನಿಮ್ಮವರು ಫಿಲಡೆಲ್ಫಿಯಾದಲ್ಲಿ, ನಾನು ನೋಡುತ್ತೇನೆ, ಗ್ರೂಪಲ್ಲಿ ಬಾಯಿ ಬಿಡಲ್ಲ. ಭಾನುವಾರ ನಮ್ಮವರು ಸಿಯಾಟಲ್‌ನಲ್ಲಿ, ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ. ಚಿಕ್ಕಪ್ಪ, ನಿಮಗೆ ಅದು ಸೋಮವಾರ ಬೆಳಗಿನ ಜಾವ ಒಂದೂವರೆ, ಎದ್ದು ಕೂರಬೇಡಿ, ನಾನೇ ಸ್ಕೋರ್ ಹಾಕುತ್ತೇನೆ. ಭಾವ, ಪರ್ಡಿ ಮೂರು ಇಂಟರ್‌ಸೆಪ್ಷನ್ ಎಸೆದರೆ ನೀವು ಏನು ಬೇಕಾದರೂ ಹೇಳಿ, ಕೇಳುತ್ತೇನೆ. ಟೈಮ್‌ಔಟ್ ಎಲ್ಲ ಮುಗಿಸಿಕೊಂಡು ಸೋತರೆ ಮಾತ್ರ ಅವನ ಹೆಸರು ಎತ್ತಬೇಡಿ.