‘ಫಿಟ್ ಲೈಕ್?’ ಮತ್ತು ಅಜ್ಜಿಯ ‘ರಾಗ’: ಆಕ್ಸೆಂಟ್‌ಗೆ ಯಾವ ಪದ?

ಗೆಳೆಯರೇ,

‘ಆಕ್ಸೆಂಟ್’ ಅನ್ನುವುದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಯಾಕೆ ಕೇಳುತ್ತಿದ್ದೇನೆಂದರೆ, ಮನೆಯಲ್ಲಿ ದಿನಾ ಇದೇ ಮಾತು.

ನಾವಿರುವುದು ಸ್ಕಾಟ್ಲೆಂಡಿನ ಈಶಾನ್ಯದಲ್ಲಿ, ಅಬರ್ಡೀನ್ ಹತ್ತಿರ. ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜ ‘ಫಿಟ್ ಲೈಕ್?’ ಅಂದರು. ಮೈ ಗಟ್ಟಿಯಾಗಿದೆಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು, ದಿನಾ ವಾಕಿಂಗ್ ಹೋಗುತ್ತೇನೆ ಅಂತ ವರದಿ ಒಪ್ಪಿಸಿದೆ! ಅವರು ಕೇಳಿದ್ದು ‘ಹೇಗಿದ್ದೀಯಪ್ಪಾ’ ಅಂತ ಅಷ್ಟೇ. ಇಲ್ಲಿನ ಮಾತಿಗೆ ಡೋರಿಕ್ ಅನ್ನುತ್ತಾರೆ. ಅದರಲ್ಲಿ ವಾಟ್ ಅಂದರೆ ಫಿಟ್, ವೇರ್ ಅಂದರೆ ಫಾರ್, ವೆನ್ ಅಂದರೆ ಫ್ಯಾನ್, ಹೂ ಅಂದರೆ ಫಾ, ಹೌ ಅಂದರೆ ಫೂ. ಬಿಳಿ ಬಣ್ಣವೂ ‘ಫೈಟ್’. ಪಾದಕ್ಕೂ ಫಿಟ್ಟೇ. ಹಾಗಾಗಿ ‘ಫಿಟ್ ಫಿಟ್ ಫಿಟ್ಸ್ ಫಿಟ್ ಫಿಟ್?’ ಅನ್ನುವುದು ಇಲ್ಲಿನವರ ಹಳೇ ತಮಾಷೆ. ಯಾವ ಕಾಲಿನ ಶೂ ಯಾವ ಕಾಲಿಗೆ ಆಗುತ್ತೆ ಅಂತ. ಗ್ಲಾಸ್ಗೋಗೆ ಹೋದರೆ ಈ ‘ಫ’ ಇಲ್ಲ. ಅಲ್ಲಿ ‘ವಾಟರ್’ನ ಟ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಮಗಳು ಇಲ್ಲೇ ಬೆಳೆದವಳು. ಆಟದ ಬಯಲಲ್ಲಿ ‘ಫಿಟ್’, ಟೀಚರ್ ಮುಂದೆ ‘ವಾಟ್’. ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನ ಇಂಗ್ಲಿಷ್ ಅವಳಿಗೆ ಹತ್ತಲೇ ಇಲ್ಲ, ಜೊತೆಯ ಮಕ್ಕಳದ್ದೇ ಹತ್ತಿತು. ಆ ಅಜ್ಜನ ಕಾಲದಲ್ಲಿ ಕ್ಲಾಸಿನಲ್ಲಿ ‘ಫಿಟ್’ ಅಂದರೆ ಬೈಗುಳವಂತೆ. ನಮ್ಮಲ್ಲಿ ‘ಹಾಲು’ ಅನ್ನಲು ‘ಆಲು’ ಅಂದವರನ್ನು ನೋಡಿ ನಗುವುದಿಲ್ವಾ, ಹಾಗೆ. ಹಳಗನ್ನಡದಲ್ಲಿ ಅದು ‘ಪಾಲ್’. ಪ ಹೋಗಿ ಹ ಬಂದರೆ ಸರಿ, ಹ ಉದುರಿದರೆ ತಪ್ಪು. ಇದ್ಯಾವ ನ್ಯಾಯವೋ!

ಅವಳ ಕನ್ನಡಕ್ಕೂ ಈ ಊರು ಅಂಟಿದೆ. ಇಂಗ್ಲೆಂಡಿನ ಬಹಳಷ್ಟು ಜನ ‘ಕಾರ್’ ಅನ್ನುವಾಗ ಕೊನೆಯ ರ ಬಿಡುತ್ತಾರೆ, ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಅವಳ ರ ಗಟ್ಟಿ. ಆದರೆ ಳ, ಣ ಬರಲ್ಲ. ಬಾಳೆಹಣ್ಣು ‘ಬಾಲೆಹನ್ನು’. ಹಾಸನಕ್ಕೆ ಹೋದಾಗ ಅಜ್ಜಿ ಕೇಳಿಯೇಬಿಟ್ಟರು, ‘ಇದ್ಯಾವೂರ ರಾಗ ಕಣೇ?’

ನನಗೆ ‘ರಾಗ’ ಹಿಡಿಸಿತು. ಆದರೆ ಅದು ಏರಿಳಿತವನ್ನಷ್ಟೇ ಹೇಳುತ್ತದೆ, ಜೊತೆಗೆ ‘ರಾಗ ಎಳೀಬೇಡ’ ಅಂತ ಬೈಯುವುದಕ್ಕೂ ಬಳಕೆಯಲ್ಲಿದೆ. ‘ಉಚ್ಚಾರಣೆ’ಯಲ್ಲಿ ಸರಿ-ತಪ್ಪಿನ ವಾಸನೆ ಜಾಸ್ತಿ. ‘ಧಾಟಿ’ ಅಂದರೆ ಮಾತಾಡಿದವರ ಮನಸ್ಸೂ ಸೇರಿಬಿಡುತ್ತದೆ: ‘ಅವನ ಮಾತಿನ ಧಾಟಿ ಸರಿಯಿಲ್ಲ’ ಅಂತೀವಲ್ಲ. ‘ಸೊಗಡು’ ಚೆನ್ನಾಗಿದೆ, ಆದರೆ ಅದನ್ನು ಹಳ್ಳಿ ಮಾತಿಗೆ ಮೀಸಲಿಟ್ಟಿದ್ದೇವೆ. ಲಂಡನ್ ರೇಡಿಯೋದ ಇಂಗ್ಲಿಷೂ ಒಂದು ಆಕ್ಸೆಂಟೇ ತಾನೇ? ಅದಕ್ಕೆ ಸೊಗಡು ಅಂತ ಯಾರೂ ಅನ್ನುವುದಿಲ್ಲ.

ಸುಮ್ನೆ ಹೊಸ ಪದ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ. ಬಾಯಿ ತೆರೆದ ಕೂಡಲೇ ಊರು ಗೊತ್ತಾಗುತ್ತದಲ್ಲ, ಅದಕ್ಕೆ ಧಾರವಾಡದ ಕಡೆ, ಕುಂದಾಪುರದ ಕಡೆ ಮನೆಯಲ್ಲಿ ಏನನ್ನುತ್ತಾರೆ?